ಹಲಗೆ ನೆಲದ ಕೋಣೆ

ಫೆಬ್ರವರಿ 3, ಸೋಮವಾರ

ಸಮಿತಿಯ ಪತ್ರ ಬಂತು. ಇದೇ 25ರ ಬೆಳಗ್ಗೆ ಹತ್ತಕ್ಕೆ ಐವರೂ ಸದಸ್ಯರು ನಮ್ಮ ಕಿವುಡು ಮಕ್ಕಳ ಶಾಲೆಗೆ ಬರುತ್ತಾರೆ. ಮಕ್ಕಳನ್ನು ನೋಡಿ, ಮಾನ್ಯತೆ ಕೊಡಬೇಕೋ ಬೇಡವೋ ಎಂದು ಅಂದೇ ತೀರ್ಮಾನಿಸುತ್ತಾರೆ. ಬೇಡ ಎಂದರೆ ಹನ್ನೊಂದು ಮಕ್ಕಳೂ ಊರಾಚೆಯ ಬುದ್ಧಿಮಾಂದ್ಯರ ಆಶ್ರಯಕ್ಕೆ ಹೋಗಬೇಕು. ಮಾತು ಬಾರದ ಮಗುವಿಗೆ ಕಾನೂನು ತೋರಿಸಿರುವ ಜಾಗ ಅದೊಂದೇ.

ಮಧ್ಯಾಹ್ನ ಅಧ್ಯಕ್ಷರನ್ನು ಕಂಡೆ. ನಿವೃತ್ತ ನ್ಯಾಯಾಧೀಶರು. ಮಾತಿಗೊಮ್ಮೆ ಕನ್ನಡಕ ತೆಗೆದು ಒರೆಸುತ್ತಾರೆ.

"ಕಿವುಡು ಬೇರೆ, ಬುದ್ಧಿ ಇಲ್ಲದಿರೋದು ಬೇರೆ ಅಂತೀರಿ. ಇಬ್ಬರೂ ಮಾತಾಡಲ್ಲ, ಇಬ್ಬರೂ ಕರೆದ್ರೆ ತಿರುಗಲ್ಲ. ಯಾರು ಯಾರು ಅಂತ ಹೇಗೆ ಗೊತ್ತಾಗುತ್ತೆ ಡಾಕ್ಟ್ರೇ?"

"ನನ್ನ ಪರೀಕ್ಷೆಯಿಂದ ಗೊತ್ತಾಗುತ್ತೆ ಸರ್. ಒಂಬತ್ತು ವರ್ಷದಲ್ಲಿ ನಾನೂರ ಹನ್ನೆರಡು ಮಕ್ಕಳನ್ನ ನೋಡಿದೀನಿ."

"ಅಂದ್ರೆ ನಿಮ್ಮ ಶಾಲೆ ನಿಂತಿರೋದು ನಿಮ್ಮ ಪರೀಕ್ಷೆ ಮೇಲೆ."

"ಹೌದು ಸರ್."

ಅವರು ಅದನ್ನು ಬರೆದುಕೊಂಡರು. ಒಳ್ಳೆಯದೇ ಆಯಿತು.

ಇನ್ನು ಇಪ್ಪತ್ತೆರಡು ದಿನ. ಊಟದ ಹೊತ್ತಿನಲ್ಲಿ ಮಕ್ಕಳು ಕೈಸನ್ನೆ ಮಾಡುವುದನ್ನು ಟೀಚರ್ ನೋಡಿಯೂ ನೋಡದಂತೆ ಬಿಡುತ್ತಿದ್ದಾರೆ. ಇಂದು ಖಂಡಿತವಾಗಿ ಹೇಳಿದೆ: ಪಾಠವಿರಲಿ, ಊಟವಿರಲಿ, ಬಿಡುವಿದ್ದ ಕೈ ತೊಡೆಯ ಕೆಳಗಿರಬೇಕು. ಕೈಗೆ ಮಾತು ಸಿಕ್ಕರೆ ನಾಲಿಗೆ ಸೋಮಾರಿಯಾಗುತ್ತದೆ.

ಫೆಬ್ರವರಿ 5, ಬುಧವಾರ

ಏಳನೇ ನಂಬರ್ ಇಂದು "ಬಾಗಿಲು" ಎಂದಳು. ಒಂಬತ್ತು ವರ್ಷದ ಹುಡುಗಿ. ತರಗತಿಯಲ್ಲಿ ಎಲ್ಲರಿಗಿಂತ ಮುಂದೆ. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ ತೆರನಾಗಿ ಕಾಣುತ್ತವೆ. ಹಾಗಾಗಿ ಬಾಯಿಯ ಮುಂದೆ ಕಾಗದದ ಪಟ್ಟಿ ಹಿಡಿಯುತ್ತೇವೆ. ಪ ಎಂದರೆ ಪಟ್ಟಿ ಹಾರುತ್ತದೆ, ಬ ಎಂದರೆ ಅಲ್ಲಾಡುತ್ತದೆ. ಮ ಎಂದರೆ ಸುಮ್ಮನಿರುತ್ತದೆ, ಮೂಗಿನ ಮೇಲಿಟ್ಟ ಬೆರಳಿಗೆ ನಡುಕ ಸಿಗುತ್ತದೆ. ಒಂದು "ಬಾ"ಗೆ ನಾಲ್ಕು ದಿನ ಹಿಡಿಯಿತು.

ಅಕ್ಕ ಮಕ್ಕಳ ಅಡುಗೆ ನೋಡಿಕೊಳ್ಳುತ್ತಾಳೆ. ಗಂಡ ಸತ್ತ ಮೇಲೆ ನನ್ನ ಮನೆಯೂ ಅವಳದೇ ಜವಾಬ್ದಾರಿ. ಪಾಠ ನೋಡಲು ಬಂದವಳು, "ಬಾಗಿಲು ಅಂತ ಹೇಳೋಕೆ ಕಲಿಸೋ ಹೊತ್ತಿಗೆ ಆ ಗುಬ್ಬಿ ಹತ್ತು ಸಲ ಬಾಗಿಲು ತೆಗೆದು ಹೊರಗೆ ಹೋಗಿ ಆಡಿ ಬರ್ತಿದ್ಲು ಕಣೋ" ಎಂದಳು. ಏಳನೇ ನಂಬರಿಗೆ ಇವರೆಲ್ಲ ಇಟ್ಟ ಹೆಸರು ಗುಬ್ಬಿ. ಶಾಲೆಯಲ್ಲಿ ಅಡ್ಡಹೆಸರು ಬೇಡ ಎಂದು ಎಷ್ಟು ಸಲ ಹೇಳಿದರೂ ಅಷ್ಟೆ.

ಫೆಬ್ರವರಿ 10, ಸೋಮವಾರ

ತರಗತಿಗೆ ಸುಣ್ಣ ಬಳಿಯುತ್ತಿದ್ದಾರೆ. ಮಕ್ಕಳನ್ನು ಮಹಡಿಯ ಹಲಗೆ ನೆಲದ ಕೋಣೆಗೆ ಕಳಿಸಿದೆವು. ಮೊದಲ ಮೂರು ವರ್ಷ ಅದೇ ನನ್ನ ಪರೀಕ್ಷಾ ಕೊಠಡಿಯಾಗಿತ್ತು. ಆಮೇಲೆ ಕೆಳಗಿನ ಕಲ್ಲುಚಪ್ಪಡಿಯ ಕೋಣೆಗೆ ಇಳಿದೆ. ತಾಯಂದಿರಿಗೆ ಮಗುವನ್ನೆತ್ತಿಕೊಂಡು ಮೆಟ್ಟಿಲು ಹತ್ತುವುದು ಕಷ್ಟವಾಗುತ್ತಿತ್ತು, ಅದಷ್ಟೇ ಕಾರಣ.

ಹನ್ನೊಂದು ಗಂಟೆಗೆ ಮೇಲೆ ಹೋದೆ. ಮಕ್ಕಳು ಕಿಟಕಿಗೆ ಮುತ್ತಿಕೊಂಡು ಬೀದಿ ನೋಡುತ್ತಿದ್ದರು. ಹನ್ನೊಂದೂ ಬೆನ್ನು ನಮ್ಮ ಕಡೆ. ಟೀಚರ್ ಬಾಯಿ ತೆರೆಯಲಿಲ್ಲ. ಬಲಗಾಲನ್ನು ಎರಡು ಸಲ ನೆಲಕ್ಕೆ ಅಪ್ಪಳಿಸಿದರು. ಹನ್ನೊಂದೂ ಮುಖ ಒಟ್ಟಿಗೆ ತಿರುಗಿದವು.

"ಏನು ಮಾಡಿದ್ರಿ ಈಗ?"

"ಕರೆದೆ ಡಾಕ್ಟ್ರೇ. ಇಲ್ಲಿಗೆ ಬಂದ ಮೇಲೆ ಅವರೇ ಕಂಡ್ಕೊಂಡ್ರು. ಒಬ್ಬರನ್ನೊಬ್ಬರು ಹೀಗೇ ಕರ್ಕೋತಾರೆ. ಕೆಳಗೆ ಕಲ್ಲು ನೆಲ, ಅಲ್ಲಿ ನಡೆಯಲ್ಲ." ನನ್ನ ಮುಖ ನೋಡಿ, "ಇದೂ ಬೇಡ್ವಾ?" ಎಂದರು.

ನಾನು ನೇರ ಕೆಳಗಿಳಿದೆ.

ಫೆಬ್ರವರಿ 11, ಮಂಗಳವಾರ

ಬೆಳಗ್ಗೆ ಡ್ರಮ್ಮನ್ನು ಮಹಡಿಗೆ ಹೊರಿಸಿದೆ. ಮುಚ್ಚಿಹೋದ ಒಂದು ಬ್ಯಾಂಡಿನವರಿಂದ ಕೊಂಡ ದೊಡ್ಡ ಡ್ರಮ್, ಕಬ್ಬಿಣದ ಕಾಲಿನದು. ಮಾತು ಬಾರದ ಚಿಕ್ಕ ಮಗು ಕೇಳಿಸಿತು, ಕೇಳಿಸಲಿಲ್ಲ ಎಂದು ಹೇಳಲಾರದು. ಹಾಗಾಗಿ ಮಗುವನ್ನು ಬೆನ್ನು ಮಾಡಿ ಕೂರಿಸಿ ಹಿಂದಿನಿಂದ ಡ್ರಮ್ ಬಾರಿಸುತ್ತೇನೆ. ತಿರುಗಿದರೆ ಕಿವಿ ಇದೆ, ಅಂದರೆ ಮಾತು ಬಾರದ್ದು ಬುದ್ಧಿಮಾಂದ್ಯದಿಂದ; ತಿರುಗದಿದ್ದರೆ ಕಿವುಡು. ಒಂಬತ್ತು ವರ್ಷದಿಂದ ಇದೇ ನನ್ನ ಪರೀಕ್ಷೆ.

ಫಲಿತಾಂಶ:
ಡ್ರಮ್ ಹಲಗೆ ನೆಲದ ಮೇಲಿದ್ದಾಗ, ಹನ್ನೊಂದರಲ್ಲಿ ಹನ್ನೊಂದು ಮಕ್ಕಳೂ ತಿರುಗಿದರು.
ಡ್ರಮ್ಮನ್ನು ಟೀಚರ್ ಹೆಗಲಿಗೆ ತೂಗುಹಾಕಿಕೊಂಡು, ಮಡಿಸಿದ ಹಾಸಿಗೆಯ ಮೇಲೆ ನಿಂತಾಗ, ಇಬ್ಬರು. ಆ ಇಬ್ಬರಿಗೆ ಅಲ್ಪಸ್ವಲ್ಪ ಕೇಳುತ್ತದೆ ಎಂಬುದು ಮೊದಲೇ ಗೊತ್ತಿತ್ತು.

ಮೂರು ಬಾರಿ ಮಾಡಿದೆ. ಮೂರು ಬಾರಿಯೂ ಅದೇ. ಒಂಬತ್ತು ಮಕ್ಕಳಿಗೆ ಸದ್ದು ಕಿವಿಗೆ ಬರಲಿಲ್ಲ, ಕಾಲಿಗೆ ಬಂತು.

ಮಧ್ಯಾಹ್ನ ಬಾಗಿಲು ಹಾಕಿಕೊಂಡು ಹಳೆಯ ದಾಖಲೆ ಪುಸ್ತಕ ತೆಗೆದೆ. ಹಲಗೆ ನೆಲದ ಕೋಣೆಯಲ್ಲಿ ನೋಡಿದ ಮಕ್ಕಳು ನೂರ ಮೂವತ್ತೇಳು. ಅವರಲ್ಲಿ ಮಾತು ಬಾರದೆ ಇದ್ದು, ಡ್ರಮ್ಮಿಗೆ ತಿರುಗಿದರು ಎಂಬ ಒಂದೇ ಆಧಾರದ ಮೇಲೆ ನಾನು ಆಶ್ರಯಕ್ಕೆ ಬರೆದುಕೊಟ್ಟವರು ಒಂಬತ್ತು. ಎಂಬತ್ತೆಂಟನೇ ಸಾಲನ್ನು ಇಲ್ಲಿ ನಕಲು ಮಾಡುತ್ತೇನೆ:

"ಹುಡುಗಿ, ಐದು ವರ್ಷ. ತಾಯಿ ಬಟ್ಟೆ ಹೊಲಿಯುವಾಕೆ. ಡ್ರಮ್ಮಿಗೆ ಮೂರು ಸಲವೂ ತಿರುಗಿದಳು. ಕಿವಿ ಸರಿಯಾಗಿದೆ. ಬುದ್ಧಿಮಾಂದ್ಯ. ಮಗುವಿಗೆ ಕೇಳುವುದಿಲ್ಲವೆಂದು ತಾಯಿ ಹಟ ಹಿಡಿದಿದ್ದಾಳೆ. ತಾಯಿಯ ಮಾತು ನಂಬಲರ್ಹವಲ್ಲ."

ಅಕ್ಷರ ದುಂಡಗಿದೆ. ಆತುರದಲ್ಲಿ ಬರೆದದ್ದಲ್ಲ.

ಫೆಬ್ರವರಿ 13, ಗುರುವಾರ

ಆಶ್ರಯಕ್ಕೆ ಹೋದೆ. ಹಳೆಯ ರೋಗಿಗಳ ಲೆಕ್ಕ ಬೇಕಿತ್ತು ಎಂದೆ. ಮೇಲ್ವಿಚಾರಕರು ನಗುಮುಖದ ಮನುಷ್ಯ, ನಾನು ಹೋದಾಗಲೆಲ್ಲ, "ಬನ್ನಿ ಡಾಕ್ಟ್ರೇ, ಯಾರನ್ನ ಕರ್ಕೊಂಡು ಬಂದ್ರಿ?" ಎನ್ನುತ್ತಾರೆ. ಇಂದೂ ಅಂದರು.

ಒಂಬತ್ತು ಜನರಲ್ಲಿ ನಾಲ್ವರನ್ನು ಮನೆಯವರು ಕರೆದೊಯ್ದಿದ್ದಾರೆ. ಇಬ್ಬರು ತೀರಿಕೊಂಡಿದ್ದಾರೆ. ಒಬ್ಬ ಜ್ವರದಿಂದ. ಇನ್ನೊಬ್ಬ ಅಂಗಳದಲ್ಲಿ ಸೌದೆ ಗಾಡಿಗೆ ಸಿಕ್ಕಿ. "ಗಾಡಿಯವನು ಹಿಂದಿನಿಂದ ಎಷ್ಟು ಕೂಗಿದರೂ ಸರಿಯಲಿಲ್ಲ" ಎಂದು ಪುಸ್ತಕದಲ್ಲಿದೆ.

ಉಳಿದವರು ಮೂವರು. ಇಬ್ಬರು ಹುಡುಗರನ್ನು ಮಣ್ಣಿನ ಅಂಗಳದಲ್ಲಿ ನೋಡಿದೆ. ಇಬ್ಬರಿಗೂ ಕೇಳುತ್ತದೆ, ಪಿಸುಮಾತಿಗೂ ತಿರುಗಿದರು. ಮೂರನೆಯವಳು ಎಂಬತ್ತೆಂಟು. ಈಗ ಹನ್ನೊಂದು ದಾಟಿದೆ.

"ಬೆಕ್ಕು ಅಂತೀವಿ ಇವಳನ್ನ" ಎಂದರು ಮೇಲ್ವಿಚಾರಕರು. "ಏನು ಹೇಳಿದ್ರೂ ಕಿವಿಗೆ ಹಾಕ್ಕೊಳಲ್ಲ. ಆದ್ರೆ ವಾರ್ಡಿನಲ್ಲಿ ಹಿಂದೆ ಯಾರಾದ್ರೂ ಬಂದ್ರೆ ತಕ್ಷಣ ಗೊತ್ತಾಗಿಬಿಡುತ್ತೆ ನೋಡಿ. ಬೇಕಂತಲೇ ಮಾಡೋದು."

"ವಾರ್ಡಿನ ನೆಲ ಯಾವುದು?"

"ನೆಲಾನಾ? ಹಲಗೆ. ಯಾಕೆ?"

ಅಂಗಳದಲ್ಲೇ ಅವಳ ಬೆನ್ನ ಹಿಂದೆ ಗಂಟೆ ಬಾರಿಸಿದೆ, ಸೀಟಿ ಊದಿದೆ. ಅಲುಗಲಿಲ್ಲ. ಮಿಡಿದರೆ ನಡುಗಿ ನಾದ ಹೊರಡಿಸುವ, ಎರಡು ಕವಲಿನ ಉಕ್ಕಿನ ಶ್ರುತಿಕವೆಯನ್ನು ಮಿಡಿದು ಕಿವಿಯ ಬಳಿ ಹಿಡಿದೆ. ರೆಪ್ಪೆಯೂ ಬಡಿಯಲಿಲ್ಲ. ಅದರ ಹಿಡಿಯನ್ನು ಅವಳ ಮೊಣಕೈ ಮೂಳೆಗೆ ಒತ್ತಿದಾಗ ಕಣ್ಣರಳಿಸಿ, ಕವೆಯನ್ನು ಕಿತ್ತುಕೊಂಡು ತಾನೇ ಗಲ್ಲಕ್ಕೆ, ಹಲ್ಲಿಗೆ, ಅಂಗಾಲಿಗೆ ಇಟ್ಟು ನೋಡಿದಳು. ಹೀಗೆ ಯಾರೂ ಕಲಿಸದೆ ಪರೀಕ್ಷೆ ಮಾಡಿ ನೋಡುವ ಮಗುವಿಗೆ ಬುದ್ಧಿ ಇಲ್ಲ ಎಂದು ನಾನು ಸಹಿ ಹಾಕಿದ್ದೇನೆ.

ಬರುವಾಗ ಅವಳು ಹೆಬ್ಬೆರಳು ತೋರುಬೆರಳು ಜೋಡಿಸಿ ಗಾಳಿಯಲ್ಲಿ ಏನನ್ನೋ ಎಳೆಯುತ್ತಿದ್ದಳು. "ಅದೊಂದು ಚಟ. ದಿನವಿಡೀ ಹಾಗೇ ಮಾಡ್ತಾಳೆ" ಎಂದರು ಮೇಲ್ವಿಚಾರಕರು. ರೋಗಲಕ್ಷಣ ಎಂದು ಪುಸ್ತಕದಲ್ಲೂ ಬರೆದಿದೆ.

ಫೆಬ್ರವರಿ 14, ಶುಕ್ರವಾರ

ಬರೆಯುವಂಥದ್ದೇನೂ ಇಲ್ಲ. ಆರನೇ ನಂಬರಿಗೆ ನೆಗಡಿ.

ಫೆಬ್ರವರಿ 15, ಶನಿವಾರ

ಕಾನೂನು ಓದಿದೆ. ಬುದ್ಧಿಮಾಂದ್ಯ ಎಂಬ ಪ್ರಮಾಣಪತ್ರ ಇರುವ ಮಗುವನ್ನು ಬೇರೆ ಯಾವ ಶಾಲೆಯೂ ಸೇರಿಸಿಕೊಳ್ಳುವಂತಿಲ್ಲ, ಮನೆಯವರು ಕರೆದೊಯ್ಯಬೇಕಾದರೂ ಗಂಡಸೊಬ್ಬ ಜಾಮೀನು ನಿಲ್ಲಬೇಕು. ಎಂಬತ್ತೆಂಟರ ತಾಯಿ ಒಂಟಿ ಹೆಂಗಸು. ಪ್ರಮಾಣಪತ್ರ ರದ್ದಾಗಬೇಕಾದರೆ ಕೊಟ್ಟ ವೈದ್ಯನೇ ಕಾರಣ ಬರೆದು ಕೊಡಬೇಕು. ಅದನ್ನು ಸಮಿತಿಯ ಮುಂದೆ ಓದುತ್ತಾರೆ. ಅದೇ ಸಮಿತಿ, ಅದೇ ಅಧ್ಯಕ್ಷರು.

ಸದ್ದಿಲ್ಲದೆ ಮುಗಿಸುವ ದಾರಿ ಇಲ್ಲ.

ಹತ್ತು ದಿನ ತಡೆದರೆ ಏನೂ ಮುಳುಗುವುದಿಲ್ಲ. 25 ಕಳೆಯಲಿ. ಇದು ವಿವೇಕದ ಮಾತು, ಪುಕ್ಕಲುತನವಲ್ಲ.

ಫೆಬ್ರವರಿ 17, ಸೋಮವಾರ

ಟೀಚರ್ ದಾಖಲೆ ಪುಸ್ತಕ ನೋಡಿದ್ದಾರೆ. ಬೀರುವಿಗೆ ಬೀಗ ಹಾಕಲು ಮರೆತಿದ್ದೆ. ಎಂದೂ ಮರೆತವನಲ್ಲ.

"ಎಷ್ಟು ಮಕ್ಕಳು?" ಎಂದು ನೇರವಾಗಿ ಕೇಳಿದರು.

"ಒಂಬತ್ತಕ್ಕೆ ಬರೆದುಕೊಟ್ಟಿದೀನಿ. ಈಗ ಕೈಗೆ ಸಿಗೋದು ಒಂದು."

ನನ್ನನ್ನು ಹಿಗ್ಗಾಮುಗ್ಗಾ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕುರ್ಚಿ ಎಳೆದು ಕೂತು, ದನಿ ತಗ್ಗಿಸಿ ಹೇಳಿದ್ದು ಬೇರೆ. "ಇಪ್ಪತ್ತೈದರ ತನಕ ತುಟಿ ಪಿಟಕ್ಕೆನ್ನಬೇಡಿ ಡಾಕ್ಟ್ರೇ. ಕೈಮುಗೀತೀನಿ. ಈಗ ಬಾಯಿ ಬಿಟ್ರೆ ಈ ಹನ್ನೊಂದೂ ಅಲ್ಲಿಗೇ ಹೋಗ್ತವೆ. ಮಾನ್ಯತೆ ಬಂದ ಮಾರನೇ ದಿನ ನಾನೇ ಆ ಹುಡುಗಿ ಕೈ ಹಿಡ್ಕೊಂಡು ಕರ್ಕೊಂಡು ಬರ್ತೀನಿ."

ನಾನು ಶನಿವಾರ ಯೋಚಿಸಿದ್ದೂ ಇದನ್ನೇ. ಬೇರೆಯವರ ಬಾಯಲ್ಲಿ ಕೇಳಿದಾಗ ಸಮಾಧಾನವಾಗಬೇಕಿತ್ತು.

ಊಟಕ್ಕೆ ಕೂತಾಗ ಅಕ್ಕನಿಗೆ ಹೇಳಿದೆ. ಅವಳು ಬಡಿಸುವುದನ್ನು ನಿಲ್ಲಿಸಲಿಲ್ಲ.

"ಹನ್ನೊಂದು ಮಕ್ಕಳು ಒಂದು ಕಡೆ, ಒಂದು ಮಗು ಒಂದು ಕಡೆ ಅಕ್ಕ."

"ಅಳೆಯೋಕೆ ನೀನೇನು ದಿನಸಿ ಅಂಗಡಿ ಇಟ್ಟಿದೀಯಾ? ಇರಲಿ, ನಿನ್ನ ಮರ್ಯಾದೆ ಯಾವ ತಟ್ಟೇಲಿ ಹಾಕಿದೀಯ ಅದನ್ನ ಹೇಳು."

"ಅದರ ಮಾತಲ್ಲ ಇದು."

"ಸರಿ ಹಾಗಾದ್ರೆ. ಇಪ್ಪತ್ತೈದಕ್ಕೆ ಹಾರ ಹಾಕಿ ಹೋಗ್ತಾರೆ. ಇಪ್ಪತ್ತಾರಕ್ಕೆ ನೀನು ಹೋಗಿ ನಾನು ತಪ್ಪು ಮಾಡಿದೀನಿ ಅಂತ ಹೇಳ್ತೀಯಾ? ನನ್ನ ಮುಖ ನೋಡಿ ಹೇಳು."

ಊಟ ಸೇರಲಿಲ್ಲ.

ಫೆಬ್ರವರಿ 19, ಬುಧವಾರ

ಎಂಬತ್ತೆಂಟನ್ನು ಮತ್ತೊಮ್ಮೆ ನೋಡಬೇಕಿತ್ತು. ಎಷ್ಟು ತಿಳಿಯುತ್ತದೆ ಎಂದು ಅಳೆಯಲು ನನ್ನ ಬಳಿ ಸಾಧನವಿಲ್ಲ. ಗುಬ್ಬಿಯನ್ನು ಕರೆದುಕೊಂಡು ಹೋದೆ.

ಇಬ್ಬರನ್ನೂ ಅಂಗಳದ ಬೆಂಚಿನ ಮೇಲೆ ಕೂರಿಸಿದೆ. ಹತ್ತು ನಿಮಿಷ ಒಬ್ಬರನ್ನೊಬ್ಬರು ನೋಡುತ್ತ ಕೂತರು. ಆಮೇಲೆ ಗುಬ್ಬಿ ತನ್ನ ಚಪ್ಪಲಿ ತೋರಿಸಿದಳು, ಇವಳು ತನ್ನ ಬರಿಗಾಲು ತೋರಿಸಿದಳು, ಗುಬ್ಬಿ ಒಂದು ಚಪ್ಪಲಿ ಬಿಚ್ಚಿ ಕೊಟ್ಟಳು. ಅಲ್ಲಿಂದ ಮುಂದೆ ನನಗೆ ಹಿಂಬಾಲಿಸಲಾಗದಷ್ಟು ವೇಗ.

ಗಾಳಿಯಲ್ಲಿ ಏನನ್ನೋ ಎಳೆಯುವ ಆ ಸನ್ನೆ ಬಂತು. ಗುಬ್ಬಿ ಹುಬ್ಬೇರಿಸಿ ನನ್ನ ಕಡೆ ತಿರುಗಿ, ಅಂಗಿಯ ಹೊಲಿಗೆ ತೋರಿಸಿ, ಯಾರು ಎಂದು ಕೇಳಿದಳು. ಯಾರು ಹೊಲಿಯುತ್ತಾರೆ?

ತಾಯಿ. ಆ ಮಗು ಆರು ವರ್ಷದಿಂದ ದಿನವಿಡೀ ಅಮ್ಮ, ಅಮ್ಮ ಎನ್ನುತ್ತಿದೆ.

ನಾನು ಸೂಜಿ ಎಳೆದಂತೆ ತೋರಿಸಿ, ಮಗುವನ್ನು ಅಪ್ಪಿದಂತೆ ಎದೆಯ ಹತ್ತಿರ ಎರಡೂ ಕೈ ತಂದು, ಎಲ್ಲಿ ಎಂದು ಕೇಳಿದೆ. ಅವಳು ಗೇಟಿನ ಕಡೆ ಕೈ ಮಾಡಿದಳು. ಬೆರಳು ಒಂದೊಂದಾಗಿ ಮಡಿಚುತ್ತ ಇಪ್ಪತ್ತೆಂಟರ ತನಕ ಎಣಿಸಿ, ಗೇಟು ತೆರೆದಂತೆ ತೋರಿಸಿ, ಮತ್ತೆ ಮುಚ್ಚಿದಳು. ನಾಲ್ಕು ವಾರಕ್ಕೊಂದು ಭಾನುವಾರ ಭೇಟಿ. ಅದನ್ನು ಅವಳು ಎಣಿಸಿಟ್ಟುಕೊಂಡಿದ್ದಾಳೆ.

ಮೇಲ್ವಿಚಾರಕರು ಕಿಟಕಿಯಿಂದ ನೋಡುತ್ತಿದ್ದರು. "ಏನು ಡಾಕ್ಟ್ರೇ, ನಿಮಗೂ ಚಟ ಹತ್ತಿತಾ?" ಎಂದು ನಕ್ಕರು. ಅವರ ತಪ್ಪಲ್ಲ. ಅವರ ಬಳಿ ಇರುವುದು ನನ್ನ ಸಹಿ.

ಗಾಡಿಯಲ್ಲಿ ಮರಳುವಾಗ ಗುಬ್ಬಿ ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಹಾಕಿದ್ದಳು. ಅಕ್ಕನಿಗೆ ಏನು ಹೇಳುವುದು ಎಂದು ಕೇಳಿದಳು. ನಾನು ಹೇಳುತ್ತೇನೆ ಬಿಡು ಎಂದೆ.

ಫೆಬ್ರವರಿ 21, ಶುಕ್ರವಾರ

ತಾಯಿಯನ್ನು ಹುಡುಕಿಕೊಂಡು ಹೋದೆ. ಸಿದ್ಧ ಉಡುಪು ಅಂಗಡಿಯ ಹಿಂಭಾಗ, ಸಾಲಾಗಿ ಆರು ಹೊಲಿಗೆ ಯಂತ್ರ. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದು ಎದ್ದು ನಿಂತಳು. ಯಂತ್ರದ ಚಕ್ರ ಇನ್ನೂ ತಿರುಗುತ್ತಲೇ ಇತ್ತು.

"ಪುಟ್ಟಿಗೆ ಏನಾದ್ರೂ ಆಯ್ತಾ ಡಾಕ್ಟ್ರೇ?"

ಇಲ್ಲ ಎಂದೆ. ಹೇಳಬೇಕಾದ್ದನ್ನು ಹೇಳಿದೆ. ಹಲಗೆ, ಡ್ರಮ್, ಕಾಲು. ಅವಳು ನಡುವೆ ಬಾಯಿ ಹಾಕಲಿಲ್ಲ. ಅಳಲೂ ಇಲ್ಲ.

"ಕೇಳಲ್ಲ ಅಂತ ನಾನು ಅವತ್ತೇ ಹೇಳಿದ್ದೆ."

"ಹೌದಮ್ಮ."

"ನೀವು ಇನ್ನೊಂದು ಮಾತು ಹೇಳಿದ್ರಿ. ಮಗು ಮುಂದೆ ಕೈ ಆಡಿಸ್ಬೇಡ, ಆಡಿಸಿದ್ರೆ ಮಾತು ಬರೋದೇ ಇಲ್ಲ ಅಂತ. ಭೇಟಿ ಭಾನುವಾರ ಬಂದಾಗಲೆಲ್ಲ ಅವಳು ನನ್ನ ಹತ್ರ ಕೈಯಲ್ಲಿ ಏನೇನೋ ಕೇಳ್ತಿದ್ಲು. ನಾನು ಕೈ ಕಟ್ಕೊಂಡು ನಿಂತಿರ್ತಿದ್ದೆ. ಡಾಕ್ಟ್ರು ಹೇಳಿದಾರಲ್ಲ ಅಂತ. ಆರು ವರ್ಷ ಹಾಗೇ ನಿಂತಿದೀನಿ."

ಪಕ್ಕದ ಯಂತ್ರಗಳು ಒಂದೊಂದಾಗಿ ನಿಂತವು. ಉಳಿದ ಹೆಂಗಸರು ಕೇಳಿಸಿಕೊಳ್ಳುತ್ತಿದ್ದರು.

"ಯಾವಾಗ ಬಿಡ್ತಾರೆ?"

"ಇಪ್ಪತ್ತೈದು ಕಳೆದ ಮೇಲೆ ನೋಡ್ತೀನಿ."

"ನೋಡ್ತೀನಿ ಅಂದ್ರೆ?"

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಯಂತ್ರದ ಮೇಲಿಟ್ಟು, "ನಾನು ಬೇಕಾದ್ರೆ ಇನ್ನೂ ಕಾಯ್ತೀನಿ ಡಾಕ್ಟ್ರೇ. ನನಗೆ ರೂಢಿಯಾಗಿದೆ. ಎಷ್ಟು ದಿನ ಅಂತ ಅವಳಿಗೊಂದು ಮಾತು ಹೇಳಿಬಿಡಿ. ಅವಳು ಎಣಿಸ್ತಾಳೆ" ಎಂದಳು. ಮತ್ತೆ ಕೂತು ಹೊಲಿಯತೊಡಗಿದಳು. ನನ್ನ ಕಡೆ ಇನ್ನೊಮ್ಮೆ ನೋಡಲಿಲ್ಲ.

ಫೆಬ್ರವರಿ 24, ಸೋಮವಾರ

ಮಕ್ಕಳ ಅಂಗಿಗೆ ಇಸ್ತ್ರಿಯಾಯಿತು. ಸುಣ್ಣ ಒಣಗಿದೆ. ಟೀಚರ್ ಮೂರು ಸಲ ಬಂದು, "ಏನೂ ಹೇಳಲ್ಲ ಅಲ್ವಾ?" ಎಂದು ಕೇಳಿದರು. ಮೂರು ಸಲವೂ ತಲೆಯಾಡಿಸಿದೆ. ಹೌದು ಎಂದೋ ಅಲ್ಲ ಎಂದೋ ನನಗೇ ಸ್ಪಷ್ಟವಿಲ್ಲ.

ಫೆಬ್ರವರಿ 25, ಮಂಗಳವಾರ

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಹತ್ತಕ್ಕೆ ಸರಿಯಾಗಿ ಐವರೂ ಬಂದರು. ಕೆಳಗಿನ ತರಗತಿಯಲ್ಲಿ ಪ್ರದರ್ಶನ. ಗುಬ್ಬಿ ಬಾಗಿಲು, ನೀರು, ಹೂವು ಎಂದಳು. ಅಧ್ಯಕ್ಷರ ತುಟಿ ನೋಡಿ "ನಮಸ್ಕಾರ" ಎಂದು ಮರಳಿ ಹೇಳಿದಳು. ಐದನೇ ಬೆಂಚಿನ ಚಿಕ್ಕವನು ಹತ್ತರ ತನಕ ಎಣಿಸಿದ, ಆರು ಮರೆತ. ಔಷಧ ವ್ಯಾಪಾರಿಯಾದ ಒಬ್ಬ ಸದಸ್ಯರು ಕಣ್ಣೊರೆಸಿಕೊಂಡರು. ಎಲ್ಲ ಅಂದುಕೊಂಡಂತೆಯೇ ನಡೆಯಿತು.

ಅಧ್ಯಕ್ಷರು ಬರೆದು ತಂದಿದ್ದ ನಿರ್ಣಯ ಓದಿದರು. "ವೈದ್ಯರ ಶ್ರವಣ ಪರೀಕ್ಷೆ ದೋಷರಹಿತವೆಂದು ಸಮಿತಿಗೆ ಮನವರಿಕೆಯಾಗಿದ್ದು, ಅದರ ಆಧಾರದ ಮೇಲೆ ಮಾನ್ಯತೆ ನೀಡಲಾಗಿದೆ." ಕೆಳಗೆ ನನ್ನ ಸಹಿಗೂ ಜಾಗ. ಪೆನ್ನು ನನ್ನ ಕಡೆ ಚಾಚಿದರು.

ಸಹಿ ಮಾಡಿದರೆ ಹನ್ನೊಂದು ಮಕ್ಕಳು ಉಳಿಯುತ್ತಾರೆ. ಮುಂದೆ ಎಂದಾದರೂ ನಿಜ ಹೊರಬಿದ್ದರೆ, ನಾನು ಸುಳ್ಳು ಹೇಳಿ ಪಡೆದ ಶಾಲೆ ಇದು ಎಂದಾಗುತ್ತದೆ. ನಿಜ ಹೊರಬೀಳದಿದ್ದರೆ ಪುಟ್ಟಿ ಅಲ್ಲೇ ಇರುತ್ತಾಳೆ.

"ಹತ್ತು ನಿಮಿಷ ಮಹಡಿಗೆ ಬರಬೇಕು ಸರ್" ಎಂದೆ. ಟೀಚರ್ ಬೇಡ ಎಂದು ಕಣ್ಸನ್ನೆ ಮಾಡಿದರು.

ಹಲಗೆ ನೆಲದ ಕೋಣೆಯಲ್ಲಿ ಐವರನ್ನೂ ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಬೂಟು ಬಿಚ್ಚಿಸಿದೆ. ಮೇಣ ಮೆತ್ತಿದ ಹತ್ತಿ ಕೊಟ್ಟು ಕಿವಿಗೆ ಗಟ್ಟಿಯಾಗಿ ತುರುಕಿಕೊಳ್ಳಲು ಹೇಳಿದೆ. ಡ್ರಮ್ ಬಾರಿಸಿದ್ದು ಗೊತ್ತಾದರೆ ಕೈ ಎತ್ತಿ ಎಂದೆ.

"ಏನ್ರೀ ಮಕ್ಕಳಾಟ ಇದು?" ಎಂದರು ಅಧ್ಯಕ್ಷರು. ಆದರೂ ತುರುಕಿಕೊಂಡರು.

ನೆಲದ ಮೇಲಿಟ್ಟ ಡ್ರಮ್ಮಿಗೆ ಬಟ್ಟೆ ಸುತ್ತಿದ ಕೋಲಿನಿಂದ ಒಂದು ಪೆಟ್ಟು. ಐದೂ ಕೈ ಮೇಲೆ. ಡ್ರಮ್ಮನ್ನು ಹೆಗಲಿಗೆ ಹಾಕಿಕೊಂಡು ಹಾಸಿಗೆಯ ಮೇಲೆ ನಿಂತು ಅದೇ ಪೆಟ್ಟು. ಒಂದು ಕೈಯೂ ಇಲ್ಲ. ಮುಂದೆ ಹೋಗಿ ಹತ್ತಿ ತೆಗೆಯಲು ಸನ್ನೆ ಮಾಡಿದೆ.

"ಮೊದಲನೇದು ಕೇಳಿಸ್ತಾ?"

"ಕೇಳಿಸ್ತು" ಎಂದರು ಔಷಧ ವ್ಯಾಪಾರಿ. "ಅಲ್ಲ, ತಡೀರಿ. ಕಾಲಿಗೆ ಬಂತು."

"ಇದೇ ಕೋಣೇಲಿ, ಇದೇ ಡ್ರಮ್ಮಿನಿಂದ ಒಂಬತ್ತು ಮಕ್ಕಳಿಗೆ ಬುದ್ಧಿ ಇಲ್ಲ ಅಂತ ಬರೆದುಕೊಟ್ಟಿದೀನಿ" ಎಂದೆ. ಒಂಬತ್ತರ ಪಟ್ಟಿ ಓದಿದೆ. ಗಾಡಿಗೆ ಸಿಕ್ಕಿದವನದನ್ನೂ ಓದಿದೆ.



"ಯಾವತ್ತು ಗೊತ್ತಾಯ್ತು?" ಅಧ್ಯಕ್ಷರ ಕೈಯಲ್ಲಿ ಕನ್ನಡಕ.

"ಹದಿನೈದು ದಿನದ ಹಿಂದೆ."

"ಹದಿನೈದು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?"

"ಶಾಲೆ ಹೋಗುತ್ತೆ ಅನ್ನೋ ಭಯ ಇತ್ತು."

"ಈಗ ಹೋಗಲ್ಲ ಅಂದ್ಕೊಂಡ್ರಾ?"

"ಹೋಗಬಹುದು ಸರ್."

"ಹೋಗಬಹುದು!" ಅವರು ಇತರರ ಕಡೆ ತಿರುಗಿದರು. "ಪರೀಕ್ಷೆಯೇ ಸುಳ್ಳು ಅಂದ ಮೇಲೆ ಆ ಹನ್ನೊಂದು ಮಕ್ಕಳು ಯಾರು? ಅವಕ್ಕೆ ಬುದ್ಧಿ ಇದೆ ಅಂತ ಯಾರು ಹೇಳ್ತಾರೆ ಈಗ? ಗಿಣಿಗೂ ನಾಲ್ಕು ಮಾತು ಕಲಿಸಬಹುದು."

ಆಗ ಟೀಚರ್ ಮುಂದೆ ಬಂದರು. ಅವರ ಸಿಟ್ಟೆಲ್ಲ ನನ್ನ ಮೇಲೆ. "ಡಾಕ್ಟ್ರನ್ನ ಬಿಡಿ ಸರ್. ಮಕ್ಕಳನ್ನೇ ಕೇಳಿ. ನೀವು ಏನು ಬೇಕಾದ್ರೂ ಕೇಳಿ, ನಾನು ಕೈಯಲ್ಲಿ ಹೇಳ್ತೀನಿ."

"ಕೈಯಲ್ಲಿ? ಇಲ್ಲಿ ಕೈಸನ್ನೆ ಇಲ್ಲ ಅಂತ ಇವರೇ ಬರೆದು ಕೊಟ್ಟಿದಾರಲ್ಲ?"

"ಇದೆ ಸರ್" ಎಂದೆ.

ಗುಬ್ಬಿಯನ್ನು ಕರೆದರು. ಅಧ್ಯಕ್ಷರು ಸ್ವಲ್ಪ ಯೋಚಿಸಿ, "ನಾನು ಬಂದಾಗಿನಿಂದ ಏನು ಮಾಡ್ತಾ ಇದೀನಿ ಅಂತ ಕೇಳಿ" ಎಂದರು. ಟೀಚರ್ ಕೇಳಿದರು. ಗುಬ್ಬಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇಲ್ಲದ ಕನ್ನಡಕ ತೆಗೆದಳು, ಅಂಗಿಯ ತುದಿಯಿಂದ ಒರೆಸಿದಳು, ಬೆಳಕಿಗೆ ಹಿಡಿದಳು, ಹಾಕಿಕೊಂಡಳು. ಆಮೇಲೆ ಎರಡೂ ಕೈಯ ಬೆರಳು ಬಿಡಿಸಿ, ಮತ್ತೆ ನಾಲ್ಕು.

"ಹದಿನಾಲ್ಕು ಸಲ ಅಂತಾಳೆ" ಎಂದರು ಟೀಚರ್.

ಔಷಧ ವ್ಯಾಪಾರಿ ಗಟ್ಟಿಯಾಗಿ ನಕ್ಕರು. ಇನ್ನಿಬ್ಬರೂ ನಕ್ಕರು. ಅಧ್ಯಕ್ಷರು ನಗಲಿಲ್ಲ. ಕನ್ನಡಕ ಒರೆಸಲು ಹೋದ ಕೈಯನ್ನು ಕೆಳಗಿಳಿಸಿ, ನಿರ್ಣಯದ ಕಾಗದ ಮಡಿಚಿ ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದರು.

ಟೀಚರ್ ದಿನವಿಡೀ ನನ್ನ ಜೊತೆ ಮಾತಾಡಲಿಲ್ಲ. ಅಕ್ಕ ಮಾತಾಡಿದಳು. "ಊಟ ಮಾಡು ಬಾ" ಎಂದಳು.

ಫೆಬ್ರವರಿ 28, ಶುಕ್ರವಾರ

ಸಮಿತಿಯ ಆದೇಶ. ಶಾಲೆಗೆ ಆರು ತಿಂಗಳ ತಾತ್ಕಾಲಿಕ ಮಾನ್ಯತೆ. ಟೀಚರ್ ಮುಖ್ಯಸ್ಥೆ. ನಾನು ಇನ್ನು ಮುಂದೆ ಯಾವ ಮಗುವಿಗೂ ಪ್ರಮಾಣಪತ್ರ ಕೊಡುವಂತಿಲ್ಲ. ಹಿಂದಿನದನ್ನು ರದ್ದು ಮಾಡುವ ಸಹಿ ಮಾತ್ರ ಮಾಡಬಹುದು. ನಾನೂರ ಹನ್ನೆರಡು ಮಕ್ಕಳನ್ನೂ ಹೊರಗಿನ ವೈದ್ಯರೊಬ್ಬರು ಮತ್ತೆ ಪರೀಕ್ಷಿಸುತ್ತಾರೆ. ಎಂಬತ್ತೆಂಟನೇ ಪ್ರಮಾಣಪತ್ರ ರದ್ದತಿಗೆ ಒಪ್ಪಿಗೆ.

ಆದೇಶವನ್ನು ಎರಡು ಸಲ ಓದಿದೆ. ನನ್ನ ಮಟ್ಟಿಗೆ ಕಟುವಾಗಿದೆ, ಆದರೆ ಅಂಕಿ ಅಂಶ ಸರಿಯಿದೆ.

ತರಗತಿಯ ಬಾಗಿಲಲ್ಲಿ ನಿಂತು, "ಒಳಗೆ ಬರಬಹುದಾ?" ಎಂದು ಕೇಳಿದೆ. ಟೀಚರ್ ಬೋರ್ಡಿನ ಮೇಲಿನ ಸಾಲು ಬರೆದು ಮುಗಿಸಿ ತಿರುಗಿದರು. "ಬನ್ನಿ. ಕೈ ಮಾತ್ರ ತೊಡೆ ಕೆಳಗೆ ಇಟ್ಕೊಳ್ಳೋ ಹಾಗಿಲ್ಲ" ಎಂದರು.

ಪುಟ್ಟಿಯ ತಾಯಿ ಮೊನ್ನೆಯಿಂದ ದಿನಾ ಸಂಜೆ ಐದಕ್ಕೆ ಶಾಲೆಗೆ ಬರುತ್ತಾಳೆ. ಗುಬ್ಬಿ ಅವಳಿಗೆ ಕೈಸನ್ನೆಯ ಪಾಠ ಹೇಳುತ್ತಾಳೆ. ತಪ್ಪಿದರೆ ಮೊಣಕೈಗೆ ಒಂದು ಪೆಟ್ಟು ಬೀಳುತ್ತದೆ. ನನಗೂ ಬಿದ್ದಿದೆ.

ಮಾರ್ಚ್ 10, ಸೋಮವಾರ

ಹನ್ನೊಂದಕ್ಕೆ ಆಶ್ರಯದ ಕಚೇರಿ. ರದ್ದತಿ ಪತ್ರದ "ಕಾರಣ" ಎಂಬಲ್ಲಿ "ವೈದ್ಯರ ತಪ್ಪು" ಎಂದು ಬರೆದೆ.

"ಮರುಪರೀಕ್ಷೆಯ ಮೇರೆಗೆ ಅಂತ ಬರೀಬಹುದು ಡಾಕ್ಟ್ರೇ" ಎಂದರು ಮೇಲ್ವಿಚಾರಕರು. "ಎಲ್ಲರೂ ಹಾಗೇ ಬರೆಯೋದು."

"ಇರಲಿ ಬಿಡಿ."

ಪುಟ್ಟಿಯನ್ನು ಕರೆತಂದರು. ತಾಯಿಯನ್ನು ಕಂಡು ಓಡಿ ಬರಲಿಲ್ಲ. ನಿಂತಲ್ಲೇ ಬೆರಳು ಮಡಿಚಿ ಎಣಿಸಿದಳು, ಲೆಕ್ಕ ತಾಳೆಯಾಗಲಿಲ್ಲ. ಭೇಟಿಯ ದಿನ ಇದಲ್ಲವಲ್ಲ? ತಾಯಿ ಕಟ್ಟಿದ್ದ ಕೈ ಬಿಡಿಸಿ, ನಿಧಾನವಾಗಿ, ಕಲಿತದ್ದನ್ನು ಕಲಿತ ಹಾಗೆಯೇ ಹೇಳಿದಳು: ಎಣಿಸಬೇಡ. ಮನೆಗೆ. ನೀನು, ನಾನು.

ಪುಟ್ಟಿ ತಾಯಿಯ ಕೈಗಳನ್ನೇ ನೋಡಿದಳು. ಇನ್ನೊಮ್ಮೆ ಹೇಳು ಎಂದಳು. ತಾಯಿ ಇನ್ನೊಮ್ಮೆ ಹೇಳಿದಳು. ಹೀಗೆ ನಾಲ್ಕು ಸಲ. ಮೇಲ್ವಿಚಾರಕರು ಕಿಟಕಿಯ ಕಡೆ ತಿರುಗಿ ನಿಂತರು.

ಗೇಟಿನ ಬಳಿ ಪುಟ್ಟಿ ನನ್ನನ್ನು ತೋರಿಸಿ, ಇವರು ಯಾರು ಎಂದು ಕೇಳಿದಳು. ತಾಯಿ ಅಂಗೈ ಮೇಲೆ ಬೆರಳಿನಿಂದ ಬರೆದು ತೋರಿಸಿದಳು. ಬರೆದವರು. ಏನು ಬರೆದರು? ತಾಯಿ ನನ್ನ ಕಡೆ ನೋಡಿ, "ನೀವೇ ಹೇಳಿ" ಎಂದಳು.

ಹೇಳಿದೆ. ನಿನ್ನ ಕಿವಿ ಸರಿ ಇದೆ ಎಂದು ಬರೆದೆ. ನಿನಗೆ ತಿಳಿಯುವುದಿಲ್ಲ ಎಂದು ಬರೆದೆ. ಅದಕ್ಕೇ ನಿನ್ನನ್ನು ಇಲ್ಲಿಟ್ಟರು. ಎರಡೂ ಸುಳ್ಳು. ತಪ್ಪು ನನ್ನದು. ಮೊದಲ ಸಲ ಅವಳಿಗೆ ಅರ್ಥವಾಗಲಿಲ್ಲ. ನನ್ನ ಬೆರಳು ತೊದಲುತ್ತಿತ್ತು. ಎರಡನೇ ಸಲ ಆಯಿತು.

ಅವಳು ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದು ಗೇಟಿನೊಳಕ್ಕೆ ಎಳೆದಳು. ತಾಯಿ ಗಾಬರಿಯಾದಳು. ಪುಟ್ಟಿ ಅಂಗಳ ದಾಟಿ, ಕಾವಲಿನವಳನ್ನು ದಾಟಿ, ವಾರ್ಡಿನ ಕೊನೆಯವರೆಗೆ ನಡೆದಳು. ಗೋಡೆಯ ಪಕ್ಕದ ಮಂಚದಲ್ಲಿ ಏಳೆಂಟು ವರ್ಷದ ಹುಡುಗಿ. ಪುಟ್ಟಿ ಅವಳ ಕಿವಿ ಮುಟ್ಟಿ, ಇಲ್ಲ ಎಂದು ಕೈಯಾಡಿಸಿದಳು. ಆಮೇಲೆ ಬಾವಿಕಟ್ಟೆ ಬಳಿ ಒಬ್ಬ ಹುಡುಗ. ಅಡುಗೆಮನೆಯ ಹಿಂದೆ ಇನ್ನೊಬ್ಬ. ನೂಲು ಸುತ್ತುತ್ತಿದ್ದ, ಹದಿನೈದು ದಾಟಿದ ಹುಡುಗಿ. ಅವರಲ್ಲಿ ಯಾರೂ ನನ್ನ ಪಟ್ಟಿಯಲ್ಲಿ ಇರಲಿಲ್ಲ. ಬೇರೆ ಬೇರೆ ವೈದ್ಯರ ಸಹಿ.

ಬರೆಯಿರಿ ಎಂದಳು.

ಪ್ರಮಾಣಪತ್ರ ಬರೆಯುವಂತಿಲ್ಲ, ಹೆಸರು ಬರೆಯಲು ಅಡ್ಡಿಯಿಲ್ಲ. ನೋಟ್‌ಬುಕ್ ತೆಗೆದು, ಕಾವಲಿನವಳನ್ನು ಕೇಳಿ ನಾಲ್ಕೂ ಹೆಸರು ಬರೆದುಕೊಂಡೆ. ಹೊಸ ವೈದ್ಯರಿಗೆ ನಾಳೆಯೇ ಕೊಡಬೇಕು. ಪುಟ್ಟಿಗೆ ಅಕ್ಷರ ಬಾರದು. ನೋಟ್‌ಬುಕ್ ಕಿತ್ತುಕೊಂಡು, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ನಾಲ್ಕಿವೆಯೇ ಎಂದು ಎಣಿಸಿದಳು. ಆಮೇಲೆಯೇ ತಾಯಿಯ ಕೈ ಹಿಡಿದು ಗೇಟು ದಾಟಿದಳು.